ಬೇಸಿಗೆ ಬಂದರೆ ಟೈರಿನ ಹವಾ ಇಳಿಸಬೇಕೇ? ಮೈಲೇಜು, ಸವೆತ, ಸುರಕ್ಷತೆಯ ಕುರಿತು ಚರ್ಚೆ

ಮಲಪ್ರಭಾ_ದಂಡೆ, ಧಾರವಾಡ

ಕೆಲಸದ ನಿಮಿತ್ತ ಧಾರವಾಡದಿಂದ ಗದಗಕ್ಕೆ ಕಾರಿನಲ್ಲಿ ಓಡಾಡುವವಳು ನಾನು. ಚಾಲಕರ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿ ನಾಲ್ಕೂ ಚಕ್ರಗಳಿಗೆ 33 ಪಿಎಸ್‌ಐ (ಹವಾದ ಒತ್ತಡದ ಅಳತೆ) ಎಂದು ಬರೆದಿದೆ. ಮನೆಯ ಹತ್ತಿರದ ಪಂಕ್ಚರ್ ಅಂಗಡಿಯವರು, ಬೇಸಿಗೆಯಲ್ಲಿ 28 ಇದ್ದರೆ ಸಾಕು, ಹೆಚ್ಚು ಹೊಡೆಸಿದರೆ ಬಿಸಿಲಿಗೆ ಸಿಡಿಯುತ್ತದೆ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ಮೈಲೇಜಿನ ಆಸೆಗೆ ವರ್ಷವಿಡೀ 38 ಇಟ್ಟುಕೊಂಡಿರುತ್ತಾರೆ. ಪೆಟ್ರೋಲ್ ಬಂಕಿನ ಹುಡುಗನಂತೂ ಯಾವ ಗಾಡಿ ಬಂದರೂ 35 ಒತ್ತಿ ಪೈಪು ಸಿಕ್ಕಿಸುತ್ತಾನೆ. ನಾಲ್ಕು ಜನರು ನಾಲ್ಕು ಅಂಕೆ ಹೇಳಿದರೆ ಯಾವುದನ್ನು ನಂಬುವುದು?

ಇನ್ನೊಂದು ಸಂಗತಿ. ಮುಂದಿನ ಎರಡೂ ಟೈರುಗಳ ಒಳಅಂಚು, ಹೊರಅಂಚು ಎರಡೂ ನುಣುಪಾಗಿವೆ, ನಡುವಿನ ಗೀರುಗಳು ಮಾತ್ರ ಇನ್ನೂ ಆಳವಾಗಿವೆ. ಅಲೈನ್‌ಮೆಂಟ್, ಅಂದರೆ ಚಕ್ರಗಳು ನೇರವಾಗಿ ನಿಲ್ಲುವಂತೆ ಸರಿಪಡಿಸುವ ಕೆಲಸ, ಮಾಡಿಸಿ ಎಂಬ ಸಲಹೆ ಬಂದಿದೆ. ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಗೋಕುಲ್_ರಸ್ತೆ, ಹುಬ್ಬಳ್ಳಿ

ಅಕ್ಕನವರೇ, ಟೈರು ಮತ್ತು ಅಲೈನ್‌ಮೆಂಟ್ ಕೆಲಸದಲ್ಲೇ ಇರುವವನಾದ್ದರಿಂದ ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಎರಡೂ ಅಂಚುಗಳು ಸಮನಾಗಿ ಸವೆದು ನಡುವೆ ಗೀರು ಉಳಿದಿದ್ದರೆ ಆ ಟೈರು ಬಹಳ ದಿನ ಕಡಿಮೆ ಹವಾದಲ್ಲಿ ಓಡಿದೆ ಎಂದೇ ಅರ್ಥ. ಹವಾ ಕಡಿಮೆಯಾದಾಗ ಟೈರಿನ ನಡುಭಾಗ ಒಳಕ್ಕೆ ಸರಿಯುತ್ತದೆ, ಭಾರವೆಲ್ಲ ಅಂಚುಗಳ ಮೇಲೆ ಬೀಳುತ್ತದೆ. ಹವಾ ಅತಿಯಾದರೆ ಇದಕ್ಕೆ ತದ್ವಿರುದ್ಧವಾಗಿ ನಡುಭಾಗ ಉಬ್ಬಿ ಅಲ್ಲೇ ಸವೆಯುತ್ತದೆ. ತಮ್ಮ ಸಹೋದ್ಯೋಗಿಯವರ ಟೈರಿನ ನಡುವೆ ಒಮ್ಮೆ ಬೆರಳಾಡಿಸಿ ನೋಡಿ, ಬಹುಶಃ ಅದು ಕಾಣಸಿಗುತ್ತದೆ.

ಅಲೈನ್‌ಮೆಂಟಿನ ದೋಷ ಬೇರೆ ರೀತಿಯಲ್ಲಿ ತೋರುತ್ತದೆ. ಒಂದೇ ಅಂಚು ಸವೆದಿದ್ದರೆ ಚಕ್ರ ಓರೆಯಾಗಿ ನಿಂತಿರುವ ಸಾಧ್ಯತೆ ಹೆಚ್ಚು. ಅಂಗೈಯನ್ನು ಟೈರಿನ ಅಡ್ಡಕ್ಕೆ ಒಂದು ಕಡೆಯಿಂದ ಸವರಿದಾಗ ನುಣುಪು, ತಿರುಗಿ ಸವರಿದಾಗ ಗರಗಸದ ಹಲ್ಲಿನಂತೆ ಚುಚ್ಚಿದರೆ ಎರಡು ಚಕ್ರಗಳು ಒಂದಕ್ಕೊಂದು ಸಮಾಂತರವಾಗಿಲ್ಲ. ತಾವು ಹೇಳಿದ ಲಕ್ಷಣದಲ್ಲಿ ಇವೆರಡೂ ಇಲ್ಲ. ಅಲೈನ್‌ಮೆಂಟ್ ಮಾಡಿಸಿದರೆ ನಷ್ಟವೇನಿಲ್ಲ, ಆದರೆ ಹವಾ ಸರಿಪಡಿಸದೆ ಅದೊಂದನ್ನೇ ಮಾಡಿಸಿದರೆ ಹೊಸ ಟೈರು ಕೂಡ ಹೀಗೇ ಸವೆಯುತ್ತದೆ. ನಮ್ಮ ಕಸುಬಿನವರು ಇದನ್ನು ಗಿರಾಕಿಗೆ ಬಿಡಿಸಿ ಹೇಳುವುದು ಕಡಿಮೆ. ಹವಾ ಹೊಡೆಯುವುದರಲ್ಲಿ ಗಳಿಕೆಯಿಲ್ಲ, ಅಲೈನ್‌ಮೆಂಟಿನಲ್ಲಿ ಇದೆ.

ಗೀರುಗಳ ತಳದಲ್ಲಿ ಅಲ್ಲಲ್ಲಿ ಅಡ್ಡವಾಗಿ ಸಣ್ಣ ದಿಂಡುಗಳಿರುತ್ತವೆ, ಅವುಗಳ ಎತ್ತರ 1.6 ಮಿ.ಮೀ. ಅಂಚಿನ ರಬ್ಬರು ಆ ದಿಂಡಿನ ಮಟ್ಟಕ್ಕೆ ಬಂದಿದ್ದರೆ ನಡುವೆ ಎಷ್ಟೇ ಆಳ ಉಳಿದಿದ್ದರೂ ಆ ಟೈರಿನ ಆಯುಷ್ಯ ಮುಗಿದಂತೆ.

ಇನ್ನು ಅಂಕೆಯ ವಿಷಯ. ಬಾಗಿಲಿನ ಕಂಬದ ಮೇಲೆ ಅಥವಾ ಇಂಧನ ಟ್ಯಾಂಕಿನ ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಲ್ಲಿರುವುದೇ ತಮ್ಮ ಅಂಕೆ. ಟೈರಿನ ಪಕ್ಕೆಯ ಮೇಲೆ 44 ಅಥವಾ 51 ಎಂದು ಅಚ್ಚಾಗಿರುವುದು ಆ ಟೈರು ತಾಳಬಲ್ಲ ಗರಿಷ್ಠ ಒತ್ತಡ, ಅದನ್ನು ತುಂಬಿಸಬೇಕಾದ ಒತ್ತಡವೆಂದು ಓದಿಕೊಳ್ಳಬಾರದು.

ಕೆಂಪು_ಮೆಣಸಿನಕಾಯಿ, ಬ್ಯಾಡಗಿ

ನನಗೆ ಒಪ್ಪಿಗೆಯಾಗದ ಮಾತೊಂದಿದೆ. ನಾನು ಪಿಕಪ್ ಗಾಡಿ ಇಟ್ಟುಕೊಂಡು ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹೇರು ಹೊಡೆಯುವವನು. ಇಲ್ಲಿ ಹಂಗಾಮು ಜೋರಾಗಿರುವುದೇ ಬಿಸಿಲು ಏರುವ ತಿಂಗಳುಗಳಲ್ಲಿ. ಬೆಳಿಗ್ಗೆ ಹಿಂದಿನ ಚಕ್ರಕ್ಕೆ 55 ಹೊಡೆಸಿ ಹೊರಟರೆ ಮಧ್ಯಾಹ್ನ ಮೋಟೆಬೆನ್ನೂರಿನ ಹತ್ತಿರ ನಿಲ್ಲಿಸಿ ನೋಡಿದಾಗ 62 ತೋರಿಸುತ್ತದೆ. ಹವಾ ಬಿಸಿಯಾಗಿ ಹಿಗ್ಗಿದೆ ಎಂಬುದು ಕಣ್ಣಿಗೆ ಕಾಣುವ ಸತ್ಯ. ಅದಕ್ಕೇ ಪಿನ್ನು ಒತ್ತಿ 55ಕ್ಕೆ ಇಳಿಸುತ್ತೇನೆ. ರಾಣೆಬೆನ್ನೂರಿನಿಂದ ಹುಬ್ಬಳ್ಳಿಯವರೆಗೆ ಹೆದ್ದಾರಿಯ ಬದಿಯಲ್ಲಿ ಬಿದ್ದಿರುವ ಟೈರಿನ ಸಿಪ್ಪೆಗಳನ್ನು ನೋಡಿದ ಯಾರೂ ಬೇಸಿಗೆಯಲ್ಲಿ ಹೆಚ್ಚು ಹವಾ ಇಡಿ ಎಂದು ಹೇಳಲಾರರು.

ಭೌತ_ಮಾಸ್ತರು, ಧಾರವಾಡ

ಬ್ಯಾಡಗಿಯ ಅಣ್ಣನವರು ನೋಡಿದ್ದು ಸರಿಯಾಗಿದೆ, ಅದರಿಂದ ತೆಗೆದ ತೀರ್ಮಾನ ಮಾತ್ರ ತಲೆಕೆಳಗಾಗಿದೆ. ಈ ನಂಬಿಕೆ ನಮ್ಮ ಭಾಗದಲ್ಲಿ ಬಹಳ ಬೇರೂರಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮುಚ್ಚಿದ ಪಾತ್ರೆಯಲ್ಲಿ ಹವಾದ ಒತ್ತಡವು ತಾಪಮಾನದೊಂದಿಗೆ ಏರುತ್ತದೆ. ಲೆಕ್ಕ ಹಾಕುವಾಗ ಗೇಜಿನ ಅಂಕೆಗೆ ವಾತಾವರಣದ ಒತ್ತಡವನ್ನು ಕೂಡಿಸಬೇಕು, ತಾಪಮಾನವನ್ನು ಕೆಲ್ವಿನ್‌ನಲ್ಲಿ (ಸೆಲ್ಸಿಯಸ್ ಅಂಕೆಗೆ 273 ಕೂಡಿಸಿ) ಹಿಡಿಯಬೇಕು. ನಮ್ಮ ಎತ್ತರದಲ್ಲಿ ವಾತಾವರಣದ ಒತ್ತಡ ಸುಮಾರು 13.6 ಪಿಎಸ್‌ಐ. ಬೆಳಿಗ್ಗೆ 25 ಡಿಗ್ರಿಯಲ್ಲಿ 55 ಇದ್ದದ್ದು, ಟೈರಿನೊಳಗಿನ ಹವಾ 55 ಡಿಗ್ರಿಗೆ ಏರಿದಾಗ 62 ಆಗುತ್ತದೆ. ಅಣ್ಣನವರ ಗೇಜು ಬಹಳ ಸರಿಯಾದ ಗೇಜು ಎಂದು ಇದರಿಂದ ತಿಳಿಯುತ್ತದೆ. ಆದರೆ ಈ ಏರಿಕೆಯನ್ನು ಟೈರು ತಯಾರಿಸುವವರು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಚೀಟಿಯಲ್ಲಿ ಬರೆದದ್ದು ತಣ್ಣಗಿರುವ ಟೈರಿನ ಒತ್ತಡ, ಅಂದರೆ ಗಾಡಿ ಕನಿಷ್ಠ ಮೂರು ಗಂಟೆ ನಿಂತಿರಬೇಕು ಅಥವಾ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಒಳ್ಳೆಯ ಸ್ಥಿತಿಯಲ್ಲಿರುವ ಟೈರು ಚೀಟಿಯ ಅಂಕೆಯ ಹಲವು ಪಟ್ಟು ಒತ್ತಡವನ್ನು ತಾಳುತ್ತದೆ, ಆರೇಳು ಪಿಎಸ್‌ಐ ಏರಿತೆಂದು ಸಿಡಿಯುವುದಿಲ್ಲ.

ಹಾಗಾದರೆ ಟೈರು ಸಿಡಿಯುವುದು ಯಾವುದರಿಂದ? ಪಕ್ಕೆಯ ರಬ್ಬರು ಮತ್ತು ಅದರೊಳಗಿನ ನೂಲಿನ ಪದರಗಳು ಬಿಸಿಯಾಗಿ ಒಂದರಿಂದೊಂದು ಬಿಡುವುದರಿಂದ. ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಬಗ್ಗಿದ ಜಾಗ ಬೆರಳಿಗೆ ಬಿಸಿ ತಾಗುತ್ತದಲ್ಲ, ಟೈರಿನಲ್ಲಿ ನಡೆಯುವುದೂ ಅದೇ. ಚಕ್ರದ ಪ್ರತಿ ಸುತ್ತಿಗೂ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ. ಬಗ್ಗುವಾಗ ರಬ್ಬರು ತೆಗೆದುಕೊಂಡ ಶಕ್ತಿಯನ್ನು ನೆಟ್ಟಗಾಗುವಾಗ ಪೂರ್ತಿ ಹಿಂದಿರುಗಿಸುವುದಿಲ್ಲ, ಉಳಿದದ್ದು ಶಾಖವಾಗುತ್ತದೆ. ಹವಾ ಕಡಿಮೆಯಾದಷ್ಟೂ ಬಗ್ಗುವಿಕೆ ಹೆಚ್ಚು, ಶಾಖವೂ ಹೆಚ್ಚು. ಮೈಲೇಜು ಕಡಿಮೆಯಾಗುವುದು, ಅಂಚು ಸವೆಯುವುದು, ಟೈರು ಸಿಡಿಯುವುದು ಮೂರೂ ಈ ಒಂದೇ ಮೂಲದಿಂದ ಬಂದವು.

ಈಗ ಅಣ್ಣನವರ ಮಧ್ಯಾಹ್ನದ ಲೆಕ್ಕಕ್ಕೆ ಬರೋಣ. ಬಿಸಿಯಲ್ಲಿ 62 ಇದ್ದದ್ದನ್ನು 55ಕ್ಕೆ ಇಳಿಸಿದರೆ ಮರುದಿನ ಬೆಳಿಗ್ಗೆ ತಣ್ಣಗಾದಾಗ ಅದೇ ಟೈರಿನಲ್ಲಿ 49 ಉಳಿದಿರುತ್ತದೆ. ಅದರ ಮೇಲೆ ಹೇರು ಹೇರಿ ಹೊರಟರೆ ಟೈರು ಮೊದಲಿಗಿಂತ ಹೆಚ್ಚು ಬಗ್ಗಿ ಹೆಚ್ಚು ಕಾಯುತ್ತದೆ. ಆ ಕಾವಿನಿಂದ ಗೇಜು ಮತ್ತೆ ಏರಿದ್ದನ್ನು ಕಂಡು ಮತ್ತೆ ಪಿನ್ನು ಒತ್ತಬೇಕೆನಿಸುತ್ತದೆ. ತಣ್ಣಗಿದ್ದಾಗ ಅಳೆದು ಸರಿಯಾಗಿ ತುಂಬಿದ ಟೈರು ದಾರಿಯಲ್ಲಿ ಅತಿಯಾಗಿ ಕಾಯ್ದಿದ್ದರೆ ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ಭಾರ ಹೆಚ್ಚಾಗಿದೆಯೇ, ವೇಗ ಹೆಚ್ಚಾಗಿದೆಯೇ ಎಂದು ನೋಡಬೇಕೇ ಹೊರತು ಹವಾ ಬಿಡಬಾರದು.

ಕೆಂಪು_ಮೆಣಸಿನಕಾಯಿ, ಬ್ಯಾಡಗಿ

ಮಾಸ್ತರರೇ, ಲೆಕ್ಕ ಅರ್ಥವಾಯಿತು. ಆದರೆ ಹೆಚ್ಚು ಹವಾದಿಂದ ಅಲ್ಲ ಎನ್ನುವುದಾದರೆ ಟೈರುಗಳು ಏಪ್ರಿಲ್, ಮೇ ತಿಂಗಳಲ್ಲೇ ಏಕೆ ಹೆಚ್ಚು ಸಿಡಿಯುತ್ತವೆ? ಡಿಸೆಂಬರಿನಲ್ಲಿ ಅದೇ ಗಾಡಿ, ಅದೇ ಹೇರು, ಅದೇ ಡ್ರೈವರ್.

ಭೌತ_ಮಾಸ್ತರು, ಧಾರವಾಡ

ಡಿಸೆಂಬರಿನಲ್ಲಿ ಹೊರಗಿನ ಹವೆ ತಂಪಾಗಿರುವುದರಿಂದ ಕಡಿಮೆ ಹವಾದ ಟೈರು ತನ್ನ ಶಾಖವನ್ನು ಹೇಗೋ ಹೊರಹಾಕಿಕೊಂಡು ಬದುಕುತ್ತದೆ. ಮೇ ತಿಂಗಳಲ್ಲಿ ನೆರಳಿನಲ್ಲೇ 38 ಡಿಗ್ರಿ ಇರುವಾಗ ಡಾಂಬರು ಅದಕ್ಕಿಂತ ಬಹಳ ಬಿಸಿಯಾಗಿರುತ್ತದೆ, ಶಾಖಕ್ಕೆ ಹೋಗಲು ದಾರಿಯಿಲ್ಲ. ಚಳಿಗಾಲದಲ್ಲಿ ಮುಚ್ಚಿಹೋಗಿದ್ದ ದೋಷ ಬೇಸಿಗೆಯಲ್ಲಿ ಬಯಲಾಗುತ್ತದೆ. ಆದ್ದರಿಂದ ಹವಾ ಕಡಿಮೆಯಿರಲೇಬಾರದ ಕಾಲವೆಂದರೆ ಬೇಸಿಗೆಯೇ.

ಇದಕ್ಕೆ ಜಗತ್ತಿಗೇ ತಿಳಿದ ಒಂದು ಪ್ರಕರಣವಿದೆ. 2000ದ ಆಗಸ್ಟಿನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅವುಗಳಲ್ಲಿ ಬಹುಪಾಲು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಿಗೆ ಹಾಕಿದವು. ಟೈರಿನ ಮೇಲ್ಪದರ ಓಡುತ್ತಿರುವಾಗಲೇ ಕಿತ್ತುಬಂದು ಗಾಡಿಗಳು ಮಗುಚಿ ಒಟ್ಟು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಟೈರಿನ ವಿನ್ಯಾಸ, ತಯಾರಿಕೆಯ ದೋಷ, ಗಾಡಿಯ ಸ್ವಭಾವ ಎಲ್ಲವೂ ಚರ್ಚೆಗೆ ಬಂದವು. ಆ ಗಾಡಿಗೆ ಸೂಚಿಸಿದ್ದ 26 ಪಿಎಸ್‌ಐ ಎಂಬ ಕಡಿಮೆ ಒತ್ತಡವೂ ವಿವಾದದ ನಡುವೆ ಇತ್ತು. ಅಪಘಾತಗಳು ಹೆಚ್ಚಾಗಿ ನಡೆದದ್ದು ಟೆಕ್ಸಾಸ್, ಫ್ಲಾರಿಡಾದಂತಹ ಬಿಸಿ ಪ್ರದೇಶಗಳಲ್ಲಿ. ಅದೇ ವರ್ಷ ಅಲ್ಲಿ ಬಂದ ಕಾನೂನಿನ ಫಲವಾಗಿಯೇ ಇಂದು ಹೊಸ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಹವಾ ಎಚ್ಚರಿಕೆಯ ದೀಪ ಅಲ್ಲಿ ಕಡ್ಡಾಯವಾಯಿತು. ಆದರೆ ಅಲ್ಲಿನ ನಿಯಮದಂತೆ ಆ ದೀಪ ಹತ್ತಬೇಕಾದದ್ದು ಒತ್ತಡ ಕಾಲುಭಾಗ ಇಳಿದಾಗ. 33 ಇರಬೇಕಾದಲ್ಲಿ 25ರ ಹತ್ತಿರ ಬರುವವರೆಗೂ ಅದು ಸುಮ್ಮನಿರಬಹುದು, ದೀಪ ಹತ್ತಿಲ್ಲವೆಂದು ಗೇಜನ್ನು ಮರೆಯಬಾರದು.

ಆರು_ಗಾಲಿ, ಹಾವೇರಿ

ಲಾರಿಯವರ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಹೆದ್ದಾರಿಯ ಬದಿಯಲ್ಲಿ ಬಿದ್ದಿರುವ ಸಿಪ್ಪೆಗಳಲ್ಲಿ ರಿಸೋಲ್ ಟೈರಿನವೂ (ಸವೆದ ಟೈರಿಗೆ ಹೊಸ ಮೇಲ್ಪದರ ಹಾಕಿದ್ದು) ಇವೆ, ಹೊಸ ಟೈರಿನವೂ ಇವೆ. ಎಲ್ಲವನ್ನೂ ರಿಸೋಲ್ ಮಾಡುವವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಿಂದಿನ ಅಚ್ಚಿನಲ್ಲಿ ಜೋಡಿ ಚಕ್ರಗಳಿರುತ್ತವೆ. ಒಳಗಿನ ಚಕ್ರದ ವಾಲ್ವಿಗೆ ಕೈ ಹಾಕುವುದೇ ಕಷ್ಟವಾದ್ದರಿಂದ ಹವಾ ನೋಡುವುದನ್ನು ಎಲ್ಲರೂ ಹೊರಗಿನ ಚಕ್ರಕ್ಕೇ ಮುಗಿಸುತ್ತಾರೆ. ಒಳಗಿನದು ಇಳಿದಿದ್ದರೆ ಅದರ ಪಾಲಿನ ಭಾರವನ್ನೂ ಹೊರಗಿನದೇ ಹೊರಬೇಕಾಗುತ್ತದೆ, ಎರಡೂ ಹಾಳಾಗುತ್ತವೆ. ಕ್ಲೀನರ್ ಕಬ್ಬಿಣದ ರಾಡು ಹಿಡಿದು ಒಂದೊಂದೇ ಟೈರಿಗೆ ಹೊಡೆದು ಸದ್ದು ಕೇಳುವ ಪದ್ಧತಿ ಹಳೆಯದು. ಪೂರ್ತಿ ಇಳಿದ ಟೈರು ಆ ಸದ್ದಿನಲ್ಲಿ ಸಿಕ್ಕಿಬೀಳುತ್ತದೆ ನಿಜ, ಆದರೆ 110 ಇರಬೇಕಾದಲ್ಲಿ 85 ಇದ್ದರೆ ಯಾವ ಕಿವಿಗೂ ತಿಳಿಯುವುದಿಲ್ಲ. ವಾಲ್ವಿಗೆ ಉದ್ದದ ಎಕ್ಸ್‌ಟೆನ್ಷನ್ ಹಾಕಿಸಿಕೊಳ್ಳುವುದೇ ಅದಕ್ಕೆ ಉಪಾಯ.

ಬ್ಯಾಡಗಿಯ ಅಣ್ಣನಿಗೆ ಒಂದು ಕಿವಿಮಾತು. ಮೆಣಸಿನಕಾಯಿ ಹೇರು ನೋಡಲು ಬೆಟ್ಟದಂತಿದ್ದರೂ ತೂಕ ಕಡಿಮೆ. ಅದೇ ಗಾಡಿಯಲ್ಲಿ ಗದಗಿನಿಂದ ಉಳ್ಳಾಗಡ್ಡಿ ತುಂಬಿಕೊಂಡು ಬರುವ ದಿನ ಟೈರಿನ ಕಥೆಯೇ ಬೇರೆ. ಪಿಕಪ್ ಗಾಡಿಗೆ ಖಾಲಿ ಇದ್ದಾಗ ಒಂದು, ತುಂಬಿದಾಗ ಒಂದು, ಮುಂದಕ್ಕೊಂದು, ಹಿಂದಕ್ಕೊಂದು ಅಂಕೆಯನ್ನು ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ.

ಮಲಪ್ರಭಾ_ದಂಡೆ, ಧಾರವಾಡ

ಎಲ್ಲರಿಗೂ ಧನ್ಯವಾದಗಳು. ಮೈಲೇಜಿನ ಮಾತು ಬಾಕಿ ಉಳಿಯಿತು. 38 ಇಟ್ಟರೆ ನಿಜವಾಗಿಯೂ ಪೆಟ್ರೋಲ್ ಉಳಿಯುತ್ತದೆಯೇ?

ಭೌತ_ಮಾಸ್ತರು, ಧಾರವಾಡ

ಉಳಿಯುತ್ತದೆ, ಆದರೆ ಜನ ಎಣಿಸಿದಷ್ಟು ಅಲ್ಲ. ಅಮೆರಿಕದ ಇಂಧನ ಇಲಾಖೆ ಹೇಳುವಂತೆ ನಾಲ್ಕೂ ಟೈರುಗಳ ಸರಾಸರಿ ಒತ್ತಡ 1 ಪಿಎಸ್‌ಐ ಇಳಿದರೆ ಮೈಲೇಜು ಸುಮಾರು ಶೇ. 0.2ರಷ್ಟು ಇಳಿಯುತ್ತದೆ. 33ರ ಬದಲು 25 ಇದ್ದರೆ ಶೇ. 1.6ರಷ್ಟಾಯಿತು. ವರ್ಷಕ್ಕೆ 12,000 ಕಿ.ಮೀ. ಓಡುವ, ಲೀಟರಿಗೆ 18 ಕಿ.ಮೀ. ಕೊಡುವ ಕಾರಿನಲ್ಲಿ ಇದು ಹತ್ತು ಹನ್ನೊಂದು ಲೀಟರ್. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ ಸಾವಿರದ ಆಚೀಚೆ. ಅದೇ ಟೈರಿನ ಲೆಕ್ಕ ನೋಡಿ: ನಾಲ್ಕು ಟೈರುಗಳಿಗೆ 20,000 ರೂಪಾಯಿ ಎಂದಿಟ್ಟುಕೊಂಡು, 40,000 ಕಿ.ಮೀ. ಬಾಳಬೇಕಾದವು ಅಂಚು ಸವೆದು 30,000ಕ್ಕೇ ಮುಗಿದರೆ ಅದೇ 12,000 ಕಿ.ಮೀ.ಗೆ 2,000 ರೂಪಾಯಿ ಹೆಚ್ಚು ಬೀಳುತ್ತದೆ. ಪೆಟ್ರೋಲಿನಲ್ಲಿ ಕಳೆದದ್ದಕ್ಕಿಂತ ರಬ್ಬರಿನಲ್ಲಿ ಕಳೆದದ್ದೇ ಹೆಚ್ಚು, ಆದರೂ ಎಲ್ಲರೂ ಕೇಳುವುದು ಮೈಲೇಜನ್ನೇ.

ಭಾರಿ ಗಾಡಿಗಳ ಮಾತು ಬೇರೆ. ಅಲ್ಲಿ ಇಂಧನದ ಸುಮಾರು ಮೂರನೆಯ ಒಂದು ಪಾಲು ಟೈರು ಉರುಳಿಸುವುದಕ್ಕೇ ಹೋಗುತ್ತದೆ. ಆದ್ದರಿಂದ ಲಾರಿ, ಬಸ್ಸುಗಳಿಗೆ ಹವಾ ಎಂಬುದು ನೇರವಾಗಿ ಡೀಸೆಲ್ಲಿನ ಹಣ. ಕಾರು 80ರ ವೇಗ ದಾಟಿತೆಂದರೆ ಗಾಳಿಯನ್ನು ಸೀಳುವ ಖರ್ಚೇ ಮೇಲಾಗುತ್ತದೆ. ಮೈಲೇಜು ಬೇಕೆಂದು 38 ಹೊಡೆಸಿ 110ರಲ್ಲಿ ಓಡಿಸುವವರನ್ನು ಕಂಡಾಗ ನನಗೆ ನಗು ಬರುತ್ತದೆ.

ಗೋಕುಲ್_ರಸ್ತೆ, ಹುಬ್ಬಳ್ಳಿ

38ರ ಬಗ್ಗೆ ನನ್ನ ಅನುಭವದ ಮಾತು. ಹವಾ ಹೆಚ್ಚಿದ್ದಾಗ ಸ್ಟೀರಿಂಗ್ ಹಗುರವಾಗಿ ಗಾಡಿ ಸಲೀಸಾಗಿ ಓಡಿದಂತೆ ಅನಿಸುತ್ತದೆ, ಆದರೆ ರಸ್ತೆಗೆ ತಾಗುವ ರಬ್ಬರಿನ ಪಾಲು ಕಡಿಮೆಯಾಗಿರುತ್ತದೆ. ತಗ್ಗು ಬಿದ್ದ ರಸ್ತೆಯಲ್ಲಿ ಬಿಗಿಯಾದ ಟೈರು ಏಟನ್ನು ನುಂಗದೆ ಸಸ್ಪೆನ್ಷನ್ನಿಗೆ ದಾಟಿಸುತ್ತದೆ. ಸಡಿಲವಾದ ಟೈರಿನಲ್ಲಿ ತಗ್ಗಿನ ಅಂಚಿಗೂ ರಿಮ್ಮಿಗೂ ನಡುವೆ ಪಕ್ಕೆ ಸಿಕ್ಕಿ ಒಳಗಿನ ನೂಲು ಹರಿಯುತ್ತದೆ. ಆಮೇಲೆ ಪಕ್ಕೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟೈರಿಗೆ ರಿಪೇರಿ ಎಂಬುದೇ ಇಲ್ಲ.

ಅಂಗಡಿಯಲ್ಲಿ ನಾವು ನೋಡುವ ಇನ್ನೊಂದು ಗುರುತು ಗಿರಾಕಿಗಳಿಗೆ ತಿಳಿದಿರಬೇಕು. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದ್ದು ಗೊತ್ತಾಗದೆ ಕಡಿಮೆ ಹವಾದಲ್ಲೇ ದೂರ ಓಡಿಸಿ ತಂದಿರುತ್ತಾರೆ. ರಿಮ್ಮಿನಿಂದ ಬಿಡಿಸಿದಾಗ ಒಳಗೆ ಕಾಫಿಪುಡಿಯಂತಹ ಕಪ್ಪು ಪುಡಿ ಉದುರಿದರೆ, ಪಕ್ಕೆಯ ಒಳಮೈ ಸುತ್ತಲೂ ಉಜ್ಜಿದ ಪಟ್ಟಿ ಕಂಡರೆ, ಒಳಪದರವೇ ಅರೆದುಹೋಗಿದೆ. ಹೊರಗಿನಿಂದ ಟೈರು ಹೊಸದರಂತೆಯೇ ಇರುತ್ತದೆ. ತೂತಿಗೆ ಹೊರಗಿನಿಂದಲೇ ರಬ್ಬರಿನ ಬತ್ತಿ ತುರುಕಿ ಹವಾ ತುಂಬಿ ಕಳಿಸಿದರೆ ಒಂದು ದಿನ ಹೆದ್ದಾರಿಯಲ್ಲಿ ಅದು ಸಿಡಿಯುವ ಅಪಾಯವಿದೆ. ಬಿಡಿಸಿ ತೋರಿಸಿ ಎಂದು ಕೇಳುವ ಹಕ್ಕು ತಮಗಿದೆ.

ಭೌತ_ಮಾಸ್ತರು, ಧಾರವಾಡ

ಮಳೆಗಾಲದ ಮಾತನ್ನೂ ಇಲ್ಲೇ ಸೇರಿಸುವುದು ಒಳ್ಳೆಯದು. ನೀರು ನಿಂತ ರಸ್ತೆಯಲ್ಲಿ ಒಂದು ವೇಗ ದಾಟಿದ ಮೇಲೆ ಟೈರು ನೀರನ್ನು ಬದಿಗೆ ತಳ್ಳಲಾರದೆ ಅದರ ಮೇಲೆ ತೇಲುತ್ತದೆ, ಆಗ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. 1960ರ ದಶಕದಲ್ಲಿ ನಾಸಾದ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು ವಿಮಾನದ ಚಕ್ರಗಳನ್ನು ಪರೀಕ್ಷಿಸಿ, ಈ ವೇಗವು ಒತ್ತಡದ ವರ್ಗಮೂಲದೊಂದಿಗೆ ಏರುತ್ತದೆ ಎಂಬ ಸೂತ್ರ ಕೊಟ್ಟರು. ಅದರಂತೆ 33 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 96 ಕಿ.ಮೀ., 22 ಇದ್ದರೆ ಸುಮಾರು 78 ಕಿ.ಮೀ. ಬರುತ್ತದೆ. ಕಾರಿನ ಟೈರಿಗೆ ಗೀರಿನ ಆಳ, ಅಗಲ, ನೀರಿನ ಆಳ ಎಲ್ಲವೂ ಸೇರುವುದರಿಂದ ಈ ಅಂಕೆಗಳನ್ನು ಗಡಿಯೆಂದು ಹಿಡಿಯದೆ ದಿಕ್ಕು ತೋರಿಸುವಷ್ಟಕ್ಕೆ ಹಿಡಿಯಬೇಕು. ಸವೆದ ಟೈರಿನಲ್ಲಿ ಇದಕ್ಕಿಂತ ಬಹಳ ಮೊದಲೇ ತೇಲಬಹುದು.

ಉಣಕಲ್_ಕೆರೆ, ಹುಬ್ಬಳ್ಳಿ

ನೈಟ್ರೋಜನ್ ತುಂಬಿಸಿದರೆ ಈ ಯಾವ ತಾಪತ್ರಯವೂ ಇರುವುದಿಲ್ಲವಂತೆ, ನಿಜವೇ?

ಭೌತ_ಮಾಸ್ತರು, ಧಾರವಾಡ

ನಾವು ಉಸಿರಾಡುವ ಹವೆಯಲ್ಲೇ ಶೇ. 78 ನೈಟ್ರೋಜನ್ ಇದೆ, ತಾಪಮಾನ ಏರಿದಾಗ ಎರಡರ ಒತ್ತಡವೂ ಒಂದೇ ರೀತಿ ಏರುತ್ತದೆ. ತೇವಾಂಶ ಇಲ್ಲದಿರುವುದು ಮತ್ತು ಸ್ವಲ್ಪ ನಿಧಾನವಾಗಿ ಸೋರುವುದು ಅದರ ಲಾಭ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಟೈರುಗಳನ್ನು ಒಂದು ವರ್ಷ ಹಾಗೇ ಇಟ್ಟು ಅಳೆದಾಗ ಸಾದಾ ಹವಾ ಸರಾಸರಿ 3.5 ಪಿಎಸ್‌ಐ, ನೈಟ್ರೋಜನ್ 2.2 ಪಿಎಸ್‌ಐ ಇಳಿದಿತ್ತು. ಪುಕ್ಕಟೆ ಸಿಕ್ಕರೆ ಹಾಕಿಸಿ. ಓಡುವ ಗಾಡಿಯಲ್ಲಿ ತಿಂಗಳಿಗೆ ಒಂದು ಪಿಎಸ್‌ಐ ಇಳಿಯುವುದು ಸಹಜವಾದ್ದರಿಂದ ಯಾವುದನ್ನು ತುಂಬಿದರೂ ತಿಂಗಳಿಗೊಮ್ಮೆ ಗೇಜು ಹಿಡಿಯುವುದು ತಪ್ಪುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲಿ 33 ತುಂಬಿಸಿದ ಟೈರು ಒಂದಿಷ್ಟೂ ಸೋರದಿದ್ದರೂ ಡಿಸೆಂಬರಿನ 15 ಡಿಗ್ರಿಯ ಬೆಳಿಗ್ಗೆ 30 ತೋರಿಸುತ್ತದೆ.

ಗೋಕುಲ್_ರಸ್ತೆ, ಹುಬ್ಬಳ್ಳಿ

ಗೇಜು ಸ್ವಂತದ್ದಿರಲಿ. ಪೈಪಿನ ತುದಿಯ ಮುಳ್ಳಿನ ಗೇಜುಗಳು ನೆಲಕ್ಕೆ ಬಿದ್ದು ಬಿದ್ದು ಅಂಗಡಿಗೊಂದು ಅಂಕೆ ತೋರಿಸುತ್ತವೆ. ಮನೆಯಲ್ಲೇ ಬೆಳಿಗ್ಗೆ ತಣ್ಣಗಿದ್ದಾಗ ಅಳೆದು, ಎಷ್ಟು ಕಡಿಮೆಯಿದೆ ಎಂಬುದನ್ನು ನೆನಪಿಟ್ಟುಕೊಂಡು, ಬಂಕಿಗೆ ಹೋದಾಗ ಅಲ್ಲಿ ತೋರಿಸಿದ ಅಂಕೆಗೆ ಅಷ್ಟನ್ನೇ ಸೇರಿಸಿ ಹೊಡೆಸಿದರೆ ದಾರಿಯ ಬಿಸಿಯೂ ಗೊಂದಲ ಮಾಡುವುದಿಲ್ಲ. ವಾಲ್ವಿನ ಟೋಪಿ ಕಳೆದುಹೋಗಿದ್ದರೆ ಹಾಕಿಸಿಕೊಳ್ಳಿ, ಎರೆಮಣ್ಣಿನ ಧೂಳು ಪಿನ್ನಿಗೆ ಸೇರಿದರೆ ಅಲ್ಲಿಂದಲೇ ಸೋರಲು ಶುರುವಾಗುತ್ತದೆ. ಸ್ಟೆಪ್ನಿಯನ್ನೂ ಮರೆಯಬೇಡಿ. ಅದು ಸಣ್ಣ ಗಾತ್ರದ ತಾತ್ಕಾಲಿಕ ಚಕ್ರವಾಗಿದ್ದರೆ ಅದಕ್ಕೆ ಬೇಕಾದದ್ದು ಸಾಮಾನ್ಯವಾಗಿ 60 ಪಿಎಸ್‌ಐ, ಓಡಿಸಬಹುದಾದ ವೇಗ 80ರೊಳಗೆ.

ಎರೆಹೊಲ, ನರಗುಂದ

ಟ್ರ್ಯಾಕ್ಟರಿಗೂ ಇದೇ ನಿಯಮವೇ? ಹೊಲದಲ್ಲಿ ಹವಾ ಕಡಿಮೆ ಇದ್ದರೇ ಒಳ್ಳೆಯದು ಎಂದು ಕೇಳಿದ್ದೇನೆ. ಹಿಂದಿನ ಗಾಲಿಗಳಿಗೆ ನೀರನ್ನೂ ತುಂಬಿಸಿದ್ದೇವೆ.

ಗೋಕುಲ್_ರಸ್ತೆ, ಹುಬ್ಬಳ್ಳಿ

ಹೊಲದ ಮಟ್ಟಿಗೆ ತಾವು ಕೇಳಿದ್ದು ನಿಜ. ಅಲ್ಲಿ ವೇಗ ಕಡಿಮೆಯಾದ್ದರಿಂದ ಶಾಖದ ಭಯವಿಲ್ಲ. ಹವಾ ಕಡಿಮೆಯಿದ್ದರೆ ಗಾಲಿ ಅಗಲವಾಗಿ ಊರುತ್ತದೆ, ಜಾರುವುದು ಕಡಿಮೆ, ಡೀಸೆಲ್ ಉಳಿಯುತ್ತದೆ. ನೆಲದ ಮೇಲೆ ಬೀಳುವ ಒತ್ತಡ ಹೆಚ್ಚುಕಡಿಮೆ ಟೈರಿನೊಳಗಿನ ಒತ್ತಡದಷ್ಟೇ ಆದ್ದರಿಂದ ಹಸಿ ಎರೆಮಣ್ಣು ಗಟ್ಟಿಯಾಗುವುದೂ ತಪ್ಪುತ್ತದೆ. ಆದರೆ ಅದೇ ಹವಾದಲ್ಲಿ ಟ್ರೇಲರಿಗೆ ಹತ್ತಿ, ಕಡಲೆ ಹೇರಿಕೊಂಡು ಡಾಂಬರು ರಸ್ತೆಗೆ ಇಳಿದರೆ ಹಲ್ಲುಗಳು ಬೇಗ ಸವೆಯುತ್ತವೆ, ಪಕ್ಕೆ ಸೀಳುತ್ತದೆ. ಕೈಪಿಡಿಯಲ್ಲಿ ಹೊಲಕ್ಕೊಂದು, ಹೇರಿಗೊಂದು ಅಂಕೆ ಇರುತ್ತದೆ, ಕೆಲಸ ಬದಲಾದಾಗ ಹವಾವನ್ನೂ ಬದಲಿಸಬೇಕು. ನೀರು ತುಂಬಿದ ಗಾಲಿಯಲ್ಲಿ ವಾಲ್ವು ಮೇಲಕ್ಕೆ ಬರುವಂತೆ ನಿಲ್ಲಿಸಿ ಅಳೆಯಿರಿ, ಇಲ್ಲದಿದ್ದರೆ ಗೇಜಿಗೆ ನೀರು ಹೊಕ್ಕು ಅದೂ ಕೆಡುತ್ತದೆ. ಅಂತಹ ಗಾಲಿಯಲ್ಲಿ ಹವಾಕ್ಕೆ ಉಳಿದಿರುವ ಜಾಗವೇ ಕಡಿಮೆಯಾದ್ದರಿಂದ ಚೂರು ಸೋರಿದರೂ ಒತ್ತಡ ಬೇಗ ಇಳಿಯುತ್ತದೆ. ಬಿತ್ತನೆಯ ದಿನಗಳಲ್ಲಿ ವಾರಕ್ಕೊಮ್ಮೆಯಾದರೂ ನೋಡಿಕೊಳ್ಳಿ.